ಒಂಬತ್ತನೇ ಪ್ರಶ್ನೆಗೆ ಉತ್ತರ

ಜುಲೈ 4

ಅಕ್ಕಾ,

ನಾನು ಚೆನ್ನಾಗಿದ್ದೇನೆ ಅಂತ ಶುರು ಮಾಡಬೇಕು. ಆದರೆ ಅಷ್ಟೇನೂ ಚೆನ್ನಾಗಿಲ್ಲ. ಊಟ ನಿದ್ದೆಗೆ ಕೊರತೆಯಿಲ್ಲ, ಮರ್ಯಾದೆಗೆ ಇದೆ. ಕಳೆದ ವಾರ ಮನಶ್ಶಾಸ್ತ್ರದ ಮೇಡಂ ನನ್ನ ಮೊದಲ ಅಸೈನ್‌ಮೆಂಟನ್ನು ಇಡೀ ತರಗತಿಗೆ ಓದಿ ಹೇಳಿದರು. ಹೆಸರು ಹೇಳಲಿಲ್ಲ. "ಪುಸ್ತಕದಿಂದ ಮೂರು ಪುಟ ಇಳಿಸಿ, ನಡುನಡುವೆ 'ಆದ್ದರಿಂದ' ಅಂತ ಸೇರಿಸಿದ್ರೆ ಮನಶ್ಶಾಸ್ತ್ರ ಆಗಲ್ಲ. ಇದರಲ್ಲಿ ಮನುಷ್ಯ ಎಲ್ಲಿದ್ದಾನೆ?" ಅಂದರು. ಹೆಸರು ಹೇಳದಿದ್ದರೇನು, ನನ್ನ ಕಿವಿ ಕೆಂಪಾಗಿದ್ದು ಎಲ್ಲರಿಗೂ ಕಂಡಿತು. ಈಗ ಹಾಸ್ಟೆಲಿನಲ್ಲಿ ನನಗೆ 'ಆದ್ದರಿಂದ' ಅಂತಲೇ ಹೆಸರು. "ಆದ್ದರಿಂದ, ಊಟಕ್ಕೆ ಬರ್ತೀಯೇನೋ?" ಅಂತ ಕರೆಯುತ್ತಾರೆ.

ಎರಡನೇ ಅಸೈನ್‌ಮೆಂಟು ಇನ್ನೂ ದೊಡ್ಡದು. ನಮಗೆ ಗೊತ್ತಿರುವ ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು, ಪ್ರಶ್ನೆ ಕೇಳಿ, ಅವರ ಬಾಲ್ಯದಲ್ಲಿ ನಡೆದದ್ದು ಈಗಿನ ನಡವಳಿಕೆಯನ್ನು ಹೇಗೆ ರೂಪಿಸಿದೆ ಅಂತ ಬರೆಯಬೇಕು. ಮುಂದಿನ ವರ್ಷ ಮನಶ್ಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದಲು ಕೆಲವರನ್ನಷ್ಟೇ ಆರಿಸುತ್ತಾರೆ, ಅದು ಈ ಅಸೈನ್‌ಮೆಂಟಿನ ಮೇಲೆಯೇ ನಿಂತಿದೆ. ಇದರಲ್ಲೂ ಮುಗ್ಗರಿಸಿದರೆ ನಾನು ಇಲ್ಲಿ ಯಾಕಿದ್ದೇನೆ ಅಂತ ನನಗೇ ಗೊತ್ತಾಗಲ್ಲ.

ನಾನು ನಿನ್ನನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕುವ ಹಾಗಿಲ್ಲ, ಕಾಗದದ ಮೇಲೆ ನೀನು 'ಕುಮಾರಿ ಕ'. ಪ್ರಶ್ನೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ಫೋನು ವಾರ್ಡನ್ ಕೋಣೆಯಲ್ಲಿದೆ, ಅವರ ಮುಂದೆ ನಿಂತು ನಿನ್ನ ಬಾಲ್ಯ ವಿಚಾರಿಸೋಕಾಗಲ್ಲ. ಬರೆದೇ ಕಳಿಸು. ದಯವಿಟ್ಟು ತಮಾಷೆ ಮಾಡಬೇಡ.

ನಿನ್ನ ತಮ್ಮ


ಜುಲೈ 11

ನಮ್ಮ ಮನೆಯ ಪ್ರೊಫೆಸರ್ ಸಾಹೇಬರಿಗೆ,

ಮೂವತ್ತು ದಾಟಿದ ಮೇಲೂ ನನ್ನನ್ನ ಕುಮಾರಿ ಅಂತ ಕರೆದವನು ನೀನೊಬ್ಬನೇ. ಲಾಂಡ್ರಿಯಲ್ಲಿ ಮಡಿಚುವ ಮೇಜಿನ ಹತ್ತಿರ ಎಲ್ಲರಿಗೂ ಹೇಳಿದೆ, ನಾನೀಗ ಪಾಠದ ವಿಷಯ ಆಗಿದ್ದೀನಿ ಅಂತ. "ನಿನ್ನ ತಲೆ ಒಳಗೆ ನೋಡ್ತಾರಾ?" ಅಂದಳು ನೀಲಿ. ತೊಳೆದ ಬಟ್ಟೆಗೆ ನೀಲಿ ಹಾಕುವ ಕೆಲಸ ಅವಳದು, ಅದಕ್ಕೇ ಆ ಹೆಸರು. ನೋಡಿದರೆ ಆಸ್ಪತ್ರೆ ಬೆಡ್‌ಶೀಟು, ಲಾಡ್ಜಿನ ದಿಂಬಿನ ಕವರು ಬಿಟ್ಟು ಇನ್ನೇನೂ ಸಿಗಲ್ಲ ಅಂದೆ.

ಈಗ ಉತ್ತರ. ಒಂದರಿಂದ ಮೂರು ನಿನಗೇ ಗೊತ್ತು. ನಾಲ್ಕು, ಓದು ಎಲ್ಲಿಗೆ ನಿಂತಿತು, ಏಕೆ? ಏಳನೇ ತರಗತಿಗೆ. ಸಾಕು ಅನ್ನಿಸಿತು. ಐದು, ತಂದೆಯ ಸ್ವಭಾವ? ಸಾಧು. ಬೀಗ ರಿಪೇರಿ ಮಾಡುವಾಗಲೂ ಬೀಗಕ್ಕೆ ನೋವಾಗುತ್ತೋ ಏನೋ ಅನ್ನೋ ಹಾಗೆ ಹಿಡಿಯುತ್ತಿದ್ದರು. ಆರರಿಂದ ಎಂಟು, ಇಲ್ಲ, ಇಲ್ಲ, ಇಲ್ಲ. ಒಂಬತ್ತು, ಬಾಲ್ಯದಲ್ಲಿ ನಿಮಗೆ ಅತಿಯಾಗಿ ನೋವುಂಟುಮಾಡಿದ ಘಟನೆ ಯಾವುದು? ಅಂಥದ್ದೇನೂ ಇಲ್ಲ. ಒಂದು ಸಲ ಹಲ್ಲುನೋವು ಬಂದಿತ್ತು. ಅತಿಯಾಗಿಯೇ ಬಂದಿತ್ತು. ಉಳಿದವಕ್ಕೆ ಬೇರೆ ಹಾಳೆಯಲ್ಲಿ ಬರೆದಿದ್ದೀನಿ.

ಅಪ್ಪ ಕಿಟಕಿ ಹತ್ತಿರ ಕೂತಿದ್ದಾರೆ. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತಿದ್ದರು. ಬೆಳಗ್ಗೆಯಿಂದ ಎರಡು ಸಲ ಚಹಾ ಕುಡಿದು, ಇವತ್ತು ಚಹಾನೇ ಕೊಟ್ಟಿಲ್ಲ ಅಂತ ನನ್ನ ಮೇಲೆ ದೂರು. ನಿನ್ನ ಮೇಲೂ ಒಂದು ದೂರಿದೆ. "ಎಲ್ಲಾ ಪತ್ರ ನಿನ್ನ ಹೆಸರಿಗೇ ಬರುತ್ತೆ. ನನ್ನ ಹೆಸರಿಗೆ ಒಂದಾದ್ರೂ ಹಾಕಬಾರದಾ ಅವನು?" ಅಂದರು. ಒಂದು ಕಾರ್ಡಾದರೂ ಹಾಕು.

ಅಕ್ಕ


ಜುಲೈ 17

ಅಕ್ಕಾ,

ನಿನ್ನ ಉತ್ತರಗಳನ್ನು ಜೋಡಿಸಿ ಕರಡು ಬರೆದು ಮೇಡಂಗೆ ತೋರಿಸಿದೆ. ಓದಿ ಮೇಜಿನ ಮೇಲಿಟ್ಟರು. "ಇಷ್ಟು ಸುಖವಾಗಿ ಬೆಳೆದವರು ಯಾರೂ ಇಲ್ಲ. ಒಂದೋ ಇವರು ಮುಚ್ಚಿಡ್ತಿದಾರೆ, ಇಲ್ಲ ನಿನಗೆ ಕೇಳೋಕೆ ಬರಲ್ಲ" ಅಂದರು. ಹಿಂದೆ ಸಾಲಿನಲ್ಲಿ ನಿಂತಿದ್ದವನು ಕಿಸಕ್ಕನೆ ನಕ್ಕ.

ನಾನು ನಿನ್ನ ಮೇಲೆ ಸಿಟ್ಟಾಗಿಲ್ಲ ಅಂತ ಬರೆದರೆ ಸುಳ್ಳು. ನನಗೆ ಹಲ್ಲುನೋವು ಬೇಡ. ನನ್ನ ಜೊತೆಯವರಿಗೆ ಏನೇನು ಸಿಕ್ಕಿದೆ ಗೊತ್ತಾ? ಒಬ್ಬನ ಚಿಕ್ಕಪ್ಪ ಯುದ್ಧ ನೋಡಿದವರು. ಒಬ್ಬಳ ಅಜ್ಜಿಗೆ ಮೂರು ಸಲ ಹುಚ್ಚು ಹಿಡಿದು ಬಿಟ್ಟಿದೆ. ನನ್ನ ಹತ್ತಿರ ಬೆಡ್‌ಶೀಟು ಮಡಿಚುವ, ನಗುವ ಅಕ್ಕ ಇದ್ದಾಳೆ.

ಆದರೆ ನಾನು ನಿನ್ನನ್ನು ನೋಡಿದ್ದೇನಲ್ಲ. ನೀನು ಯಾವ ಬಾಗಿಲನ್ನೂ ಪೂರ್ತಿ ಮುಚ್ಚುವುದಿಲ್ಲ. ಮಲಗುವಾಗಲೂ ಬಾಗಿಲಿಗೆ ಚಪ್ಪಲಿ ಅಡ್ಡ ಇಡುತ್ತೀಯ. ಲಾಂಡ್ರಿಯಲ್ಲಿ ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತುತ್ತೀಯ. ಇದು ಸುಮ್ಮನೆ ಬಂದ ಅಭ್ಯಾಸವಲ್ಲ, ಇದರ ಹಿಂದೆ ಒಂದು ಮುಚ್ಚಿದ ಜಾಗ ಇರಲೇಬೇಕು ಅಂತ ಪುಸ್ತಕ ಹೇಳುತ್ತದೆ. ಮನಸ್ಸು ನೋವಿನದ್ದನ್ನು ಹೂತುಬಿಡುತ್ತದಂತೆ. ಯಾರಾದರೂ ನಿನ್ನನ್ನು ಎಲ್ಲಾದರೂ ಕೂಡಿ ಹಾಕಿದ್ದರಾ? ಸರಿಯಾಗಿ ನೆನಪು ಮಾಡಿಕೋ. ಒಂಬತ್ತನೇ ಪ್ರಶ್ನೆಗೆ ಮತ್ತೆ ಉತ್ತರ ಬರೆ. ತಿಂಗಳ ಕೊನೆಯೊಳಗೆ ಬರದಿದ್ದರೆ ನನ್ನ ಕಥೆ ಮುಗಿಯಿತು.

ತಮ್ಮ


ಜುಲೈ 29

ತಮ್ಮಾ,

ತಡವಾಯಿತು. ಬರೆಯಲೋ ಬೇಡವೋ ಅಂತ ಎರಡು ಮನಸ್ಸಾಗಿತ್ತು.

ಅಪ್ಪನ ಹಳೇ ಅಂಗಡಿ ನೀನು ನೋಡಿಲ್ಲ. ನಿನಗೆ ಬುದ್ಧಿ ಬರುವ ಹೊತ್ತಿಗೆ ಅದನ್ನ ಬಿಟ್ಟಾಗಿತ್ತು. ಅದರ ಹಿಂದೆ ಒಂದು ಸಣ್ಣ ಕೋಣೆ. ಕಿಟಕಿ ಇಲ್ಲ. ತುಕ್ಕು ಹಿಡಿದ ಬೀಗ, ಮುರಿದ ಚಿಲಕ ಎಲ್ಲಾ ಅಲ್ಲಿ ರಾಶಿ. ಅಮ್ಮ ತವರಿಗೆ ಹೋಗಿದ್ದ ದಿನಗಳು, ನನಗೆ ಹತ್ತು ವರ್ಷ ಇರಬಹುದು. ಗಿರಾಕಿಯೊಬ್ಬರ ಕೀಲಿಕೈಯನ್ನ ನಾನು ಆಡುತ್ತಾ ಎಲ್ಲೋ ಬೀಳಿಸಿಬಿಟ್ಟೆ. ಅಪ್ಪ ಏನೂ ಬೈಯಲಿಲ್ಲ. ಕೈ ಹಿಡಿದು ಆ ಕೋಣೆಗೆ ನೂಕಿ ಹೊರಗಿನಿಂದ ಬೀಗ ಹಾಕಿದರು. ಬೆಳಗ್ಗೆ ಹಾಕಿದವರು ಅಂಗಡಿ ಮುಚ್ಚುವಾಗ ತೆಗೆದರು. ಮಾರನೇ ದಿನವೂ ಹಾಗೇ.

ಬಾಗಿಲ ಕೆಳಗಿನ ಸಂದಿನಲ್ಲಿ ಅವರ ಚಪ್ಪಲಿ ಕಾಣುತ್ತಿತ್ತು. ಚಪ್ಪಲಿ ಹತ್ತಿರ ಬಂದಾಗಲೆಲ್ಲ ಈಗ ತೆಗೆಯುತ್ತಾರೆ ಅಂದುಕೊಳ್ಳುತ್ತಿದ್ದೆ. ಅದು ತಿರುಗಿ ಹೋಗುತ್ತಿತ್ತು. ಅಳುವುದನ್ನ ಬಿಟ್ಟು ಚಪ್ಪಲಿಯನ್ನೇ ನೋಡುತ್ತಾ ಮಲಗುತ್ತಿದ್ದೆ.

ಇಷ್ಟು ಸಾಕಲ್ಲ. ಇದು ನಿನ್ನ ಅಸೈನ್‌ಮೆಂಟಿಗೆ ಮಾತ್ರ. ಅಪ್ಪನ ಹತ್ತಿರ ಎತ್ತಬೇಡ, ನನ್ನ ಹತ್ತಿರವೂ ಮತ್ತೆ ಕೇಳಬೇಡ. ಹೊಟ್ಟೆ ತುಂಬ ಊಟ ಮಾಡು. ಆ ನಕ್ಕವನ ಬಾಯಿ ಮುಚ್ಚಿಸು.

ಅಕ್ಕ


ಆಗಸ್ಟ್ 20

ಅಕ್ಕಾ,

ಇಷ್ಟು ದಿನ ಬರೆಯದೇ ಇದ್ದದ್ದು ಮರೆತಲ್ಲ. ನಿನಗೆ ಏನಂತ ಬರೆಯಲಿ ಅಂತ ಗೊತ್ತಾಗಲಿಲ್ಲ.

ಅಸೈನ್‌ಮೆಂಟು ವಾಪಸು ಬಂತು. ತರಗತಿಗೇ ಹೆಚ್ಚು ಅಂಕ ನನಗೆ. ಮೇಡಂ ಇದನ್ನೂ ಗಟ್ಟಿಯಾಗಿ ಓದಿದರು, ಚಪ್ಪಲಿಯ ಭಾಗ ಬಂದಾಗ ಅವರ ಸ್ವರ ಸ್ವಲ್ಪ ಇಳಿಯಿತು. ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿದೆ. ಆ ಸಂತೋಷ ಒಂದು ದಿನ ಇತ್ತು. ಆಮೇಲೆ ನಾಚಿಕೆ ಶುರುವಾಯಿತು. ನನ್ನ ಅಕ್ಕ ಕತ್ತಲಲ್ಲಿ ಮಲಗಿ ನೋಡಿದ ಚಪ್ಪಲಿಯಿಂದ ನಾನು ಅಂಕ ತೆಗೆದುಕೊಂಡೆ. ಹತ್ತೊಂಬತ್ತು ವರ್ಷ ನಿನ್ನ ಜೊತೆ ಒಂದೇ ಸೂರಿನ ಕೆಳಗಿದ್ದು ಏನೂ ಕಾಣಲಿಲ್ಲ. ಹಲ್ಲುನೋವಿನ ತಮಾಷೆಗೆ ನಿನ್ನ ಮೇಲೆ ರೇಗಿದೆ.

ಮತ್ತೆ ಅಪ್ಪ. ನಾನು ಅವರ ಹೆಗಲ ಮೇಲೆ ಕೂತು ಬೆಳೆದವನು. ನನಗೆ ಒಂದೇಟು ಹೊಡೆದವರಲ್ಲ. ಅದೇ ಮನುಷ್ಯ ನಿನಗೆ ಹೀಗೆ ಮಾಡಿ, ಏನೂ ಆಗದವರ ಹಾಗೆ ನಿನ್ನ ಕೈಯ ಚಹಾ ಕುಡಿಯುತ್ತಾ ಕಿಟಕಿ ಹತ್ತಿರ ಕೂತಿದ್ದಾರೆ. ನೀನು ಎತ್ತಬೇಡ ಅಂದಿದ್ದೆ. ಆದರೆ ನೊಂದವರು ಬಾಯಿ ಬಿಡದಿದ್ದರೆ ನೋವು ಒಳಗೇ ಬೆಳೆಯುತ್ತದೆ ಅಂತ ನಾವು ಓದುತ್ತೇವೆ. ಓದಿ ಸುಮ್ಮನಿದ್ದರೆ ಆ ಓದು ಯಾತಕ್ಕೆ? ನಿನ್ನೆ ಅಪ್ಪನ ಹೆಸರಿಗೆ ಪತ್ರ ಹಾಕಿದ್ದೇನೆ. ಕೆಟ್ಟ ಮಾತು ಬರೆದಿಲ್ಲ. ಗೊತ್ತಾಗಿದೆ ಅಂತ ಮಾತ್ರ ಬರೆದಿದ್ದೇನೆ, ನಿನ್ನ ಕ್ಷಮೆ ಕೇಳಿ ಅಂತ ಬರೆದಿದ್ದೇನೆ.

ನಿನ್ನ ತಮ್ಮ


ಆಗಸ್ಟ್ 25

ನಿನ್ನ ಪತ್ರ ಇವತ್ತು ಬಂತು. ಅಪ್ಪನದ್ದು ನಿನ್ನೆಯೇ ಬಂದಿತ್ತು. ಒಂದು ದಿನ ಮುಂಚೆ ನನಗೆ ತಿಳಿದಿದ್ದರೆ ಪೋಸ್ಟ್‌ಮ್ಯಾನ್ ಕಾಲು ಹಿಡಿದಾದರೂ ಅದನ್ನ ಇಸಿದುಕೊಳ್ಳುತ್ತಿದ್ದೆ.

ನಾನು ಕೆಲಸದಲ್ಲಿದ್ದೆ. ಕೆಳಗಿನ ಮನೆಯ ಟೈಲರ್ ಹೆಂಡತಿ ಹೇಳಿದ್ದು ಇದು. ಅಪ್ಪ, ತಮ್ಮದೇ ಹೆಸರಿಗೆ ಪತ್ರ ಬಂದಿದೆ ಅಂತ ಗೊತ್ತಾದ ಕೂಡಲೇ ಪೋಸ್ಟ್‌ಮ್ಯಾನನ್ನ ಮೆಟ್ಟಿಲ ಮೇಲೆ ಕೂರಿಸಿದರಂತೆ. ನೀರು ಕೊಟ್ಟರಂತೆ. ಟೈಲರನ್ನೂ ಕೂಗಿ ಕರೆದರಂತೆ. "ಬಾ, ಬಾ, ನಮ್ಮ ಹುಡುಗ ಬರ್ದಿದಾನೆ. ನಂಗೆ ಸಣ್ಣ ಅಕ್ಷರ ಕಾಣಲ್ಲ, ಇವರೇ ಓದ್ತಾರೆ. ಸ್ವಲ್ಪ ಗಟ್ಟಿಯಾಗಿ ಓದಿ ಸಾರ್" ಅಂದರಂತೆ.

"ಅಪ್ಪ, ನೀವು ಅಕ್ಕನನ್ನು ಕತ್ತಲೆ ಕೋಣೆಯಲ್ಲಿ ಕೂಡಿ ಹಾಕಿದ್ದು ನನಗೆ ಗೊತ್ತಾಗಿದೆ." ಮೊದಲ ಸಾಲೇ ಇದು. ಪೋಸ್ಟ್‌ಮ್ಯಾನ್ ಎರಡನೇ ಸಾಲಿಗೆ ನಿಲ್ಲಿಸಿದನಂತೆ. ಅಪ್ಪ, "ಓದಿ, ಓದಿ, ಪೂರ್ತಿ ಓದಿ" ಅಂದರಂತೆ. ಅವನು ಪೂರ್ತಿ ಓದಿ, ಕಾಗದ ಕೈಗಿಟ್ಟು, ಯಾರ ಮುಖವನ್ನೂ ನೋಡದೆ ಹೋದನಂತೆ. ಟೈಲರ್ ಒಳಗೆ ಹೋಗಿ ಹೊಲಿಗೆ ಯಂತ್ರ ತುಳಿಯೋಕೆ ಶುರು ಮಾಡಿದನಂತೆ.

ನಾನು ಬಂದಾಗ ಅಪ್ಪ ಅದೇ ಮೆಟ್ಟಿಲ ಮೇಲೆ ಕೂತಿದ್ದರು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಾದವಳು ನಾನೇ. ಬರೆಯಲು ಕೂತರೂ ಕೈ ಬರುತ್ತಿಲ್ಲ. ನೀನು ಯಾಕೆ ಬರೆದೆ? ಎತ್ತಬೇಡ ಅಂದಿದ್ದೆನಲ್ಲ.


ಆಗಸ್ಟ್ 30

ಅಕ್ಕಾ,

ಬೇರೆಯವರ ಕೈಲಿ, ಅದೂ ಮೆಟ್ಟಿಲ ಮೇಲೆ ಓದಿಸುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ಅದಕ್ಕೆ ತಲೆ ತಗ್ಗಿಸುತ್ತೇನೆ. ಬರೆದದ್ದಕ್ಕೆ ಅಲ್ಲ. ಬರೆದದ್ದು ಸರಿ.

ಒಂದು ವಿಷಯ ಯೋಚನೆ ಮಾಡು. ಅಪ್ಪ ಇಲ್ಲ ಅಂದರಾ? ನಾನು ಸುಳ್ಳು ಹೇಳುತ್ತಿದ್ದೇನೆ ಅಂದರಾ? ಏನೂ ಮಾಡದ ಮನುಷ್ಯನ ಮೊದಲ ಮಾತೇ 'ಇಲ್ಲ' ಅಂತ ಇರಬೇಕಿತ್ತು. ಅವರು ಸುಮ್ಮನೆ ಕೂತಿದ್ದಾರೆ ಅಂದರೆ ಅವರಿಗೂ ನೆನಪಿದೆ. ಕೂರಲಿ ಬಿಡು. ನೀನು ಎರಡು ದಿನ ಕೂತಿದ್ದೆ.

ನೀನು ಅವರನ್ನು ಕಾಪಾಡುವುದನ್ನು ನಿಲ್ಲಿಸಬೇಕು. ಅದೂ ಆ ನೋವಿನದೇ ಒಂದು ಲಕ್ಷಣ ಅಂತ ಮೇಡಂ ಹೇಳುತ್ತಾರೆ. ಮುಂದಿನ ತಿಂಗಳು ಹಿರಿಯ ತರಗತಿಯವರ ಮುಂದೆ ಅಸೈನ್‌ಮೆಂಟನ್ನು ನಾನೇ ಓದಬೇಕಂತೆ. ನೀನು ಬೇಡ ಅಂದರೆ ಓದಲ್ಲ. ಆದರೆ ಬೇಡ ಅನ್ನಬೇಡ ಅಂತ ನನ್ನ ಆಸೆ.

ತಮ್ಮ


ಸೆಪ್ಟೆಂಬರ್ 6

ತಮ್ಮಾ,

ಬೇಡ. ಓದಬೇಡ. ಅದು ನಡೆದೇ ಇಲ್ಲ.

ಹೇಳಿಬಿಡುತ್ತೀನಿ, ನಡುವೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ. ಅಪ್ಪನ ಹಳೇ ಅಂಗಡಿಗೆ ಹಿಂದೆ ಕೋಣೆಯೇ ಇರಲಿಲ್ಲ. ನಾಲ್ಕು ಹಲಗೆ, ಮೇಲೊಂದು ತಗಡು. ಅಪ್ಪ ಕೂತರೆ ಕಾಲು ರಸ್ತೆಗೆ ಬರುತ್ತಿತ್ತು. ಕೂಡಿ ಹಾಕಿದ್ದು ನೀಲಿಯನ್ನ, ಅವಳ ಅಪ್ಪ, ಸೌದೆ ತುಂಬಿದ ಕೋಣೆಯಲ್ಲಿ. ಆ ಚಪ್ಪಲಿ ಅವಳ ಅಪ್ಪನದು. ಒಂದು ಸಲ ಊಟದ ಹೊತ್ತಿನಲ್ಲಿ ನನಗೊಬ್ಬಳಿಗೇ ಹೇಳಿದ್ದಳು. ನಿನಗೆ ಒಂದು ಮುಚ್ಚಿದ ಜಾಗ ಬೇಕಿತ್ತು, ನನ್ನ ಹತ್ತಿರ ಇರಲಿಲ್ಲ, ಅವಳದನ್ನ ಎತ್ತಿಕೊಟ್ಟೆ. ನಿನ್ನನ್ನ ನೋಡಿ ನಗುವವರನ್ನ ನೆನೆಸಿಕೊಂಡರೆ ತಡೆಯೋಕಾಗಲಿಲ್ಲ. ಒಂದು ಹಾಳೆ ಕಾಗದ, ಮೇಡಂ ಓದಿ ಅಂಕ ಹಾಕಿ ಕಪಾಟಿನಲ್ಲಿ ಇಡುತ್ತಾರೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಈಗ ನೀಲಿ ಎದುರು ಕೂತು ಊಟ ಮಾಡುವಾಗ ಅವಳ ಮುಖ ನೋಡೋಕಾಗಲ್ಲ. ಅವಳು ಹೇಳಿದ್ದು ನಂಬಿ. ಅದನ್ನ ಒಂದು ತರಗತಿ ತುಂಬ ಜನ ಕೇಳಿದರು.

ನೀನು ಕೇಳಿದೆಯಲ್ಲ, ಅಪ್ಪ ಯಾಕೆ ಇಲ್ಲ ಅನ್ನಲಿಲ್ಲ ಅಂತ. ಮಾರನೇ ದಿನ ನನ್ನನ್ನ ಕರೆದು, "ನಂಗೆ ನೆನಪಾಗ್ತಿಲ್ಲ ಮಗಳೇ. ಆದ್ರೆ ಓದಿದ ಹುಡುಗ ಸುಮ್ನೆ ಬರೆಯಲ್ಲ. ಮಾಡಿದ್ರೂ ಮಾಡಿರ್ತೀನಿ" ಅಂದರು. ನಾನು ಅಲ್ಲೇ ಎಲ್ಲಾ ಹೇಳಿದೆ, ಸುಳ್ಳು ಬರೆದೆ ಅಂತ. ನನ್ನ ತಲೆ ಸವರಿದರು. "ನೀನು ಚಿಕ್ಕಂದಿನಿಂದ ಹಾಗೇ. ನನ್ನ ತಪ್ಪನ್ನ ನಿನ್ನ ಮೇಲೆ ಹಾಕ್ಕೊಳ್ತೀಯ" ಅಂದರು.

ಈಗ ಅವರಿಗೆ ನೆನಪಾಗುತ್ತಿದೆ. ದಿನಕ್ಕೊಂದು. ನಾನು ಹಳದಿ ಫ್ರಾಕು ಹಾಕಿದ್ದೆನಂತೆ. ನನ್ನ ಅಳು ಕೇಳಬಾರದು ಅಂತ ಅವರು ರೇಡಿಯೋ ಜೋರು ಮಾಡಿದರಂತೆ. ಇದೊಂದೂ ನಾನು ಬರೆದದ್ದಲ್ಲ, ನೀನು ಬರೆದದ್ದೂ ಅಲ್ಲ. ನನ್ನ ಹತ್ತಿರ ಯಾವತ್ತೂ ಹಳದಿ ಫ್ರಾಕು ಇರಲಿಲ್ಲ. ಅಪ್ಪ ತಾವೇ ಹೊಲಿದು ನನಗೆ ತೊಡಿಸುತ್ತಿದ್ದಾರೆ. ಮೊನ್ನೆ ಕೆಲಸದಿಂದ ಬಂದು ನೋಡಿದರೆ ಮನೆಯ ಎಲ್ಲಾ ಬಾಗಿಲ ಚಿಲಕ ಬಿಚ್ಚಿ ನೆಲದ ಮೇಲೆ ಇಟ್ಟಿದ್ದರು. ಬಚ್ಚಲಿನದ್ದು, ಬೀದಿ ಬಾಗಿಲಿನದ್ದೂ. ಒಬ್ಬರೇ ಹೇಗೆ ಬಿಚ್ಚಿದರೋ. ಸರಿಯಾಗಿ ಊಟ ಮಾಡುತ್ತಿಲ್ಲ. ಟೈಲರ್ ಎದುರಿಗೆ ಬಂದರೆ ಗೋಡೆ ಕಡೆ ತಿರುಗುತ್ತಾರೆ.

ಲಿಫ್ಟಿನ ವಿಷಯ. ಆಸ್ಪತ್ರೆಯ ಕೊಳೆ ಬಟ್ಟೆ ಅದರಲ್ಲೇ ಮೇಲೆ ಹೋಗುತ್ತೆ, ವಾಸನೆ ತಡೆಯೋಕಾಗಲ್ಲ. ಅಷ್ಟೇ. ಬಾಗಿಲ ಚಪ್ಪಲಿಗೆ ಬೇರೆ ಕಾರಣವಿದೆ. ಒಂಬತ್ತನೇ ಪ್ರಶ್ನೆಗೆ ನನ್ನ ಹತ್ತಿರ ನಿಜವಾದ ಉತ್ತರವೂ ಒಂದಿತ್ತು. ಅದು ನಿನಗೆ ಬರೆಯುವಂಥದ್ದಲ್ಲ.

ಅಕ್ಕ


ಸೆಪ್ಟೆಂಬರ್ 14

ಅಕ್ಕಾ,

ನಿನ್ನ ಪತ್ರ ಓದಿ ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಬರೆದುಬಿಡುತ್ತೇನೆ, ಮುಚ್ಚಿಟ್ಟು ಸಾಕಾಗಿದೆ. ಆಮೇಲೆ ನಾನು ಜುಲೈನಲ್ಲಿ ಬರೆದದ್ದು ನೆನಪಾಯಿತು. 'ಯಾರಾದರೂ ನಿನ್ನನ್ನು ಕೂಡಿ ಹಾಕಿದ್ದರಾ?' ಕೋಣೆ ಕಟ್ಟಿದವನು ನಾನು. ನೀನು ಅದರೊಳಗೆ ಯಾರನ್ನೋ ಕೂರಿಸಿಕೊಟ್ಟೆ ಅಷ್ಟೇ.

ಮೇಡಂ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟು, "ಮುಚ್ಚಿಡ್ತಿದಾರೆ ಅಂತ ಹೇಳಿದ್ದು ನಾನು" ಅಂದರು. ಆಮೇಲೆ ನಿಧಾನವಾಗಿ ಅವರ ಮುಖ ಬದಲಾಯಿತು. ಮುಂದಿನ ಅಧ್ಯಾಯ ನೆನಪಿನದಂತೆ. ಆಗದೇ ಇದ್ದದ್ದನ್ನೂ ನಂಬಿಕೆಯವರು ಹೇಳಿದರೆ ಮನುಷ್ಯನಿಗೆ ಅದು ನೆನಪಾಗುತ್ತದಂತೆ, ಬಟ್ಟೆಯ ಬಣ್ಣದ ಸಮೇತ. "ನಿಮ್ಮ ತಂದೆಯದು ಅದಕ್ಕಿಂತ ಒಳ್ಳೆ ಪ್ರಕರಣ. ಅವರು ದಿನಾ ಹೇಳೋದನ್ನ ನಿಮ್ಮ ಅಕ್ಕನ ಕೈಲಿ ಬರೆಸಿ ತರಿಸು. ಹಳೇದನ್ನ ವಾಪಸು ತಗೋ, ಇದನ್ನ ಕೊಡು. ನಿನ್ನ ಜಾಗ ಹಾಗೇ ಇರುತ್ತೆ" ಅಂದರು.

ಅಕ್ಕಾ, ಒಂದು ಕ್ಷಣ ನನಗೆ ಆಸೆಯಾಯಿತು. ಇದನ್ನು ನಿನಗಲ್ಲದೆ ಇನ್ಯಾರಿಗೂ ಹೇಳಲಾರೆ. ಹಳದಿ ಫ್ರಾಕು, ರೇಡಿಯೋ, ಚಿಲಕ, ಎಲ್ಲಾ ತಲೆಯಲ್ಲಿ ತಾನಾಗಿ ಸಾಲುಗಟ್ಟಿ ನಿಂತವು. ಅಪ್ಪ ಊಟ ಬಿಟ್ಟಿದ್ದಾರೆ, ನಾನು ಶೀರ್ಷಿಕೆ ಯೋಚಿಸುತ್ತಿದ್ದೆ. ಅಸೈನ್‌ಮೆಂಟು ವಾಪಸು ತೆಗೆದುಕೊಂಡೆ. ಹೊಸದನ್ನು ಕೊಡಲ್ಲ ಅಂದೆ. ಪಟ್ಟಿಯಿಂದ ಹೆಸರು ಹೋಯಿತು. ಹೋಗಲಿ.

ಅಪ್ಪನಿಗೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನೀನೇ ಓದಿ ಹೇಳು, ಬಾಗಿಲು ತೆಗೆದೇ ಓದು, ಟೈಲರಿಗೂ ಕೇಳಲಿ. ಎಲ್ಲಾ ಸುಳ್ಳು, ತಪ್ಪೆಲ್ಲ ನನ್ನದು ಅಂತಿದೆ.

ಇನ್ನೊಂದು. ನಿನ್ನ ನಾಲ್ಕನೇ ಉತ್ತರವನ್ನು ಮತ್ತೆ ತೆಗೆದು ನೋಡಿದೆ. ಏಳನೇ ತರಗತಿಗೆ ಬಿಟ್ಟೆ, ಸಾಕು ಅನ್ನಿಸಿತು ಅಂತ ಬರೆದಿದ್ದೀಯ. ನಮ್ಮ ಮನೆಯಲ್ಲಿ ಎಲ್ಲರೂ ಅಕ್ಕನಿಗೆ ಓದು ಹತ್ತಲಿಲ್ಲ ಅಂತಲೇ ಹೇಳುತ್ತಿದ್ದರು, ನಾನೂ ಹಾಸ್ಟೆಲಿನಲ್ಲಿ ಹಾಗೇ ಹೇಳಿದ್ದೇನೆ. ನಿನಗೆ ಹನ್ನೆರಡು ಆದಾಗ ನಾನು ಹುಟ್ಟಿದ್ದು. ಅದೇ ವರ್ಷ ಅಮ್ಮ ತೀರಿಹೋದದ್ದು. ಲೆಕ್ಕ ಕಣ್ಣೆದುರಿಗೇ ಇತ್ತು. ನಾನು ನಿನ್ನ ಬಾಲ್ಯದ ನೋವು ಹುಡುಕಿಕೊಡು ಅಂತ ಹಟ ಹಿಡಿದೆ. ಅದು ನಾನೇನಾ?


ಸೆಪ್ಟೆಂಬರ್ 24

ತಮ್ಮಾ,

ಕೇಳಿದ್ದೀಯ, ಹೇಳುತ್ತೀನಿ. ನೀನು ನನ್ನ ಕೈಯಲ್ಲಿ ಬಿಟ್ಟರೆ ಬೇರೆ ಯಾರ ಕೈಯಲ್ಲೂ ಹಾಲು ಕುಡಿಯುತ್ತಿರಲಿಲ್ಲ. ಅಪ್ಪ, "ಅಂಗಡಿ ಮುಚ್ಚಿ ನಾನು ನೋಡಿಕೊಳ್ತೀನಿ, ನೀನು ಶಾಲೆಗೆ ಹೋಗು" ಅಂದಿದ್ದರು. ಟೀಚರು ಮನೆವರೆಗೂ ಬಂದಿದ್ದರು. ನಾನೇ ಹೋಗಲಿಲ್ಲ. ಬಾಗಿಲು ಮುಚ್ಚಿದರೆ ನಿನ್ನ ಅಳು ಕೇಳುತ್ತಿರಲಿಲ್ಲ, ಅದಕ್ಕೆ ಚಪ್ಪಲಿ ಅಡ್ಡ ಇಟ್ಟು ಅಭ್ಯಾಸವಾಯಿತು. ನೀನು ದೊಡ್ಡವನಾದರೂ ಬಿಡಲಿಲ್ಲ. ನೋವಾಗಲಿಲ್ಲ ಅಂತ ಹೇಳಲ್ಲ, ಆಗಿತ್ತು. ನನ್ನ ಓರಗೆಯ ಹುಡುಗಿಯರು ಬ್ಯಾಗು ಹಾಕಿಕೊಂಡು ಹೋಗುವಾಗ ಒಳಗೆ ಹೋಗಿ ನಿಲ್ಲುತ್ತಿದ್ದೆ. ಆದರೆ ಅದನ್ನ ನಿನಗೆ ಬರೆದರೆ ನೀನು ಜೀವನಪೂರ್ತಿ ನನ್ನ ಮುಂದೆ ತಪ್ಪು ಮಾಡಿದವನ ಹಾಗೆ ಓಡಾಡುತ್ತೀಯ. ಅದು ಬೇಡ ಅಂತ ಅಪ್ಪನ ಮೇಲೆ ಹಾಕಿದೆ. ಅಪ್ಪ ತಡೆದುಕೊಳ್ಳುತ್ತಾರೆ, ಅವರಿಗೆ ಗೊತ್ತೇ ಆಗಲ್ಲ ಅಂದುಕೊಂಡೆ.

ನಿನ್ನ ಪತ್ರ ಓದಿ ಹೇಳಿದೆ, ಗಟ್ಟಿಯಾಗಿಯೇ. ಟೈಲರ್ ಹೊಲಿಗೆ ನಿಲ್ಲಿಸಿ ಕೇಳಿದ. ಅಪ್ಪನ ಕಣ್ಣು ತುಂಬಿತು. ನಂಬಿದರು ಅಂದುಕೊಂಡೆ. "ನನ್ನ ಮುಖ ಉಳಿಸೋಕೆ ಅವನೂ ಸುಳ್ಳು ಬರೆಯೋ ಹಾಗಾಯ್ತಲ್ಲ. ಇಬ್ಬರೂ ಎಷ್ಟು ಒಳ್ಳೆ ಮಕ್ಕಳು" ಅಂದರು.

ಇನ್ನೊಂದು ದಾರಿ ಇತ್ತು. ಕಣ್ಣಾರೆ ನೋಡಲಿ ಅಂತ ರಜೆ ಹಾಕಿ ಅವರನ್ನ ಹಳೇ ಅಂಗಡಿಯ ಜಾಗಕ್ಕೆ ಕರೆದುಕೊಂಡು ಹೋದೆ. ಈಗ ಅಲ್ಲಿ ಔಷಧಿ ಅಂಗಡಿಯಾಗಿದೆ, ಪಕ್ಕದ ಜಾಗವನ್ನೂ ಸೇರಿಸಿ ಕಟ್ಟಿದ್ದಾರೆ. ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಕೈ ಚಾಚಿದರು. ಹಿಂದೆ ಮಾತ್ರೆಯ ಡಬ್ಬ ಇಡುವ ಒಂದು ಸಣ್ಣ ಕೋಣೆ, ಕಿಟಕಿ ಇಲ್ಲದ್ದು. "ಇದೇ. ಇದೇ ಬಾಗಿಲು" ಅಂದರು. ಅಲ್ಲೇ ಗಿರಾಕಿಗಳ ನಡುವೆ, ಎರಡೂ ಕೈ ಜೋಡಿಸಿ ನನ್ನ ಮುಂದೆ ನಿಂತರು. ಔಷಧಿ ಅಂಗಡಿಯವನು ಸ್ಟೂಲು ತಂದು ಹಾಕಿದ. ಭೂಮಿ ಬಾಯಿ ಬಿಟ್ಟು ನನ್ನನ್ನ ನುಂಗಬಾರದಾ ಅನ್ನಿಸಿತು.

ಆಮೇಲೆ ನಾನು ವಾದ ಮಾಡಲಿಲ್ಲ. ಮನೆಗೆ ಬಂದು ತಟ್ಟೆ ಹಾಕಿದೆ. ಮುಟ್ಟಲಿಲ್ಲ. "ಕ್ಷಮಿಸ್ತೀಯಾ?" ಅಂದರು. ಎಷ್ಟು ದಿನದಿಂದ ಕೇಳುತ್ತಿದ್ದರೋ, ನಾನು ಪ್ರತಿ ಸಲವೂ "ಏನೂ ಆಗಿಲ್ಲವಲ್ಲ ಅಪ್ಪ" ಅನ್ನುತ್ತಿದ್ದೆ. ಪ್ರತಿ ಸಲವೂ ಅವರಿಗೆ ಅದು, ಕ್ಷಮಿಸಲ್ಲ ಅಂದ ಹಾಗೆ ಆಗುತ್ತಿತ್ತು ಅಂತ ಈಗ ಗೊತ್ತಾಯಿತು. ಈ ಸಲ "ಕ್ಷಮಿಸಿದೀನಿ ಅಪ್ಪ" ಅಂದೆ.

ಊಟ ಮಾಡಿದರು. ಎರಡನೇ ಸಲವೂ ಹಾಕಿಸಿಕೊಂಡರು. ಬಹಳ ದಿನದ ಮೇಲೆ ಕಿಟಕಿ ಹತ್ತಿರ ಕೂತು, ಚಹಾನೇ ಕೊಟ್ಟಿಲ್ಲ ಅಂತ ದೂರಿದರು. ಏನೂ ಮಾಡದ ಮನುಷ್ಯನನ್ನ ನಾನು ಕ್ಷಮಿಸಿದೆ ಕಣೋ. ಅವರು ಅದಕ್ಕೆ ನನಗೆ ಕೈ ಮುಗಿದರು, ನಾನು ಮುಗಿಸಿಕೊಂಡೆ.

ರಜೆಗೆ ಬಾ. ನಿನ್ನನ್ನೂ ಕೇಳುತ್ತಾರೆ, ಬಂದ ಕೂಡಲೇ ಕೇಳುತ್ತಾರೆ. ನಿಜ ಹೇಳೋಕೆ ಹೋಗಬೇಡ, ಕಾಲಿಗೆ ಬೀಳೋಕೂ ಹೋಗಬೇಡ. ಅವರ ಕಣ್ಣನ್ನೇ ನೋಡಿ, ಕ್ಷಮಿಸಿದೀನಿ ಅಪ್ಪ ಅನ್ನು. ನಮ್ಮಿಬ್ಬರನ್ನ ಯಾರು ಕ್ಷಮಿಸಬೇಕು ಅಂತ ಕೇಳೋಕೆ ಇನ್ನು ಅವರ ಹತ್ತಿರ ಹೋಗುವ ಹಾಗಿಲ್ಲ.

ಅಕ್ಕ